ಮೂರು ಸಂತೆಯ ಗಂಟು

ಚಿಕ್ಕಬಾವಿ, ನಾರಾಯಣಖೇಡ
26 ಜೂನ್ 2011

ಚಿರಂಜೀವಿ ಸತೀಶಕುಮಾರನಿಗೆ ದೊಡ್ಡಪ್ಪ ಬಕ್ಕಪ್ಪನ ಆಶೀರ್ವಾದಗಳು.

ನಾವು ಕ್ಷೇಮ. ಮಿರಗದ ಮಳೆ ಒಂದು ಹದ ಬಿತ್ತು, ಹೆಸರು ಬಿತ್ತಿದ್ದೇವೆ. ನಿನ್ನ ದೊಡ್ಡಮ್ಮ ಈಶಮ್ಮ ಪಸ್ತಾಪುರದ ಹೆಂಗಸರ ಸಂಘದಿಂದ ನವಣೆ ಬೀಜ ತಂದಿದ್ದಾಳೆ. "ಇದನ್ನರೆ ಚಿಗರಿ ಬಿಡ್ತಾವೇನು ನೋಡೋಣು" ಅನ್ನುತ್ತಾಳೆ. ಈ ಜಿಂಕೆ ಹಿಂಡು ಯಾವ ಬೆಳೆಯನ್ನೂ ಬಿಡುವುದಿಲ್ಲ ಅಂತ ಅವಳಿಗೂ ಗೊತ್ತು.

ಫೋನ್ ಮಾಡಿರಿ ಅಂತ ಶೃತಿ ಹೇಳಿ ಕಳಿಸಿದ್ದಳು. ನಾಡಬಂದೂಕು ಸಿಡಿದು ಹೋದ ಈ ಕಿವಿಗಳಿಗೆ ಫೋನೂ ಒಂದೇ, ಒರಳುಕಲ್ಲೂ ಒಂದೇ ಅಂತ ನಿನ್ನ ಹೆಂಡತಿಗೆ ಹೇಳು. ನನಗೆ ಕಾಗದವೇ ಸರಿ. ನಮ್ಮೂರು ಬೀದರ ಜಿಲ್ಲೆಯಲ್ಲಿದ್ದ ಕಾಲಕ್ಕೆ ನಾನು ನಾಲ್ಕನೇ ಇಯತ್ತೆವರೆಗೆ ಕಲಿತ ಕನ್ನಡ, ನಿನಗೆ ಬೂದಿಯಲ್ಲಿ ಬೆರಳಿಟ್ಟು ತಿದ್ದಿಸಿದ ಕನ್ನಡ. ನೀನು ತೆಲುಗು ಶಾಲೆಗೆ ಹೋದರೂ ಅದನ್ನು ಮರೆತಿಲ್ಲ, ಅದು ದೊಡ್ಡದು.

ಈಗ ಕೆಲಸದ ಮಾತು. ಹೋದ ತಿಂಗಳು ಜೀಪಿನಲ್ಲಿ ಬಂದ ಯಾರೋ ಹೊಳೆದಂಡೆಯಲ್ಲಿ ದೀಪ ಹಾಕಿ ಚಿಗರಿ ಹೊಡೆದರು. ಒಂದನ್ನು ಒಯ್ದರು, ಒಂದನ್ನು ಬಿಟ್ಟು ಹೋದರು. ಮುಂಜಾನೆ ನಾನು ನೋಡಿದಾಗ ಅದು ಹೆಣ್ಣು, ಹೊಟ್ಟೆಯಲ್ಲಿ ಮರಿ. ಮಧ್ಯಾಹ್ನ ನೀನು ನೌಕರಿ ಮಾಡುವ ಜಂಗಲ್ ಇಲಾಖೆಯವರೇ ಬಂದು, ಬೇಟೆ ಮನೆತನದವನು ಅಂತ, ಮೊದಲು ತಟ್ಟಿದ್ದು ನನ್ನ ಬಾಗಿಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆ ತಾಯಿಯನ್ನು ನೋಡಿ ಅತ್ತವನು ನಾನು, ನನ್ನ ಗುಡಾಣ ಮಗುಚಿ ನೋಡಿದವರು ಅವರು.

ಅದಕ್ಕೇ ಒಂದು ಅರ್ಜಿ ಬರೆದಿದ್ದೇನೆ, ಇದರೊಳಗಿದೆ. ನಾನು ಕೇಳುವುದು ಬೇಟೆಗೆ ಬಾಗಿಲು ತೆರೆದುಬಿಡಿ ಅಂತಲ್ಲ, ಬೇಟೆಯ ನೇಮ ತಿದ್ದಿರಿ ಅಂತ. ದೀಪ, ಜೀಪು, ತಂತಿಯ ಉರುಲು, ಈ ಮೂರಕ್ಕೂ ಈಗಿನದಕ್ಕಿಂತ ಎರಡು ಪಟ್ಟು ಶಿಕ್ಷೆ ಕೊಡಲಿ. ನಮ್ಮಂಥವರ ಬಲೆಗೆ ವರ್ಷಕ್ಕೊಂದು ದಿನ ಬಿಡಲಿ. ಅದೂ ಊರಿಗೊಂದೇ ಕರಿ ಗಂಡು, ಹಿಂಡಿನಲ್ಲಿ ಇಪ್ಪತ್ತು ತಲೆ ಮೇಲಿದ್ದರೆ ಮಾತ್ರ. ಮಾಂಸ ಮಾರಕೂಡದು. ಕೊಂಬು, ಚರ್ಮ ಕಚೇರಿಗೆ ಒಪ್ಪಿಸಬೇಕು. ತಾಯಿ ಬಾಗಿಲು ಇಲ್ಲದ ಬಲೆ ಕಂಡರೆ ಸುಟ್ಟುಬಿಡಲಿ.

ತಾಯಿ ಬಾಗಿಲು ಅಂದರೆ ಏನು ಅಂತ ನಿಮ್ಮ ಕಚೇರಿಯ ಸಾಹೇಬರಿಗೆ ನೀನೇ ಹೇಳಬೇಕು. ಬಲೆ ಕಟ್ಟಿದಾಗ ಮೂಡಣ ದಿಕ್ಕಿಗೆ ಎರಡು ಮಾರು ಖಾಲಿ ಬಿಡುತ್ತೇವೆ. ಬಸಿರಿ, ಮರಿ ಇದ್ದದ್ದು ಅಲ್ಲಿಂದ ಹೋಗಲಿ ಅಂತ. ಅಲ್ಲಿ ಒಬ್ಬ ಕೂಡುತ್ತಾನೆ, ಕಣ್ಣು ಮುಚ್ಚಿ ಕೂಡುತ್ತಾನೆ, ಆಸೆ ಆಗಬಾರದು ಅಂತ. ನೀನು ಏಳು ವರ್ಷದವನಿದ್ದಾಗ ನಿನ್ನನ್ನೂ ಕೂಡಿಸಿದ್ದೆ. ಗಾಳಿ ಹಾದು ಹೋದಂಗಾತು ದೊಡ್ಡಪ್ಪ ಅಂದಿದ್ದೆ ನೀನು.

ಅರ್ಜಿಯ ಜೊತೆ ಪುಂಡಿನಾರಿನ ಹುರಿಯ ಒಂದು ಗಂಟು ಇಟ್ಟಿದ್ದೇನೆ. ಅದರ ಪದ್ಧತಿ ನಿನಗೆ ಗೊತ್ತು. ಬಲೆ ಹಾಕುವ ಮುಂಚೆ ಹೊಲದವರ ಮನೆಗೆ ಗಂಟು ಕಳಿಸುತ್ತೇವೆ. ಬೇಡ ಅಂದರೆ ಗಂಟು ತಿರುಗಿ ಕಳಿಸುತ್ತಾರೆ. ಮೂರು ಸಂತೆ ಕಳೆದರೂ ಗಂಟು ತಿರುಗಿ ಬರದಿದ್ದರೆ ಒಪ್ಪಿಗೆ. ಚಿಗರಿ ಈಗ ಸರ್ಕಾರದ್ದು ಅನ್ನುತ್ತಾರಲ್ಲ, ಆದ್ದರಿಂದ ಗಂಟೂ ಸರ್ಕಾರಕ್ಕೆ ಹೋಗಬೇಕು.

ತೆಲುಗಿನಲ್ಲಿ ಬರೆದು ನಿನ್ನ ಕೈಯಾರೆ ಕೊಡು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ನಮ್ಮ ಪೂಜಾರಿ ನೀನೇ.

ನಿನ್ನ ದೊಡ್ಡಪ್ಪ
ಬಕ್ಕಪ್ಪ

•

ಪೆದ್ದೆಮುಲ್, ತಾಂಡೂರು
17 ಜುಲೈ 2011

ತೀರ್ಥರೂಪ ದೊಡ್ಡಪ್ಪನವರಿಗೆ ಸತೀಶನ ನಮಸ್ಕಾರಗಳು.

ನಿಮ್ಮ ಕಾಗದ ಮುಟ್ಟಿ ಹದಿನೈದು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸಬೇಕು. ಸಸಿ ನೆಡುವ ಕೆಲಸ ನಡೆದಿದೆ, ಬಶೀರಾಬಾದಿನ ತನಕ ತಿರುಗಾಟ.

ಅರ್ಜಿಯನ್ನು ತೆಲುಗಿನಲ್ಲಿ ಬರೆದು ರೇಂಜ್ ಸಾಹೇಬರಿಗೆ ಕೊಟ್ಟಿದ್ದೇನೆ. ಗಂಟನ್ನೂ ಕೊಟ್ಟೆ. ನಿಮ್ಮೂರು ಬೇರೆ ಜಿಲ್ಲೆಗೆ ಸೇರಿದ್ದು, ಹಾಗಾಗಿ ಅದು ಮೇಲಿನಿಂದ ಸುತ್ತಿ ಹೋಗಬೇಕು. ತಡವಾಗುತ್ತದೆ.

ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಕೃಷ್ಣಮೃಗಕ್ಕೆ ಕಾಯ್ದೆಯಲ್ಲಿ ಹುಲಿಯ ಸಾಲಿನಲ್ಲೇ ಜಾಗ ಇದೆ. ಮೂರು ವರ್ಷಕ್ಕೆ ಕಡಿಮೆ ಇಲ್ಲದ ಜೈಲು. ಕಾಯ್ದೆಗೆ ನಿಮ್ಮ ಬಲೆಯೂ ಒಂದೇ, ಜೀಪಿನ ದೀಪವೂ ಒಂದೇ. ಊರಿಗೊಂದು ಅಂತ ಬಿಟ್ಟರೆ ನೀವು ಒಂದಕ್ಕೇ ನಿಲ್ಲುತ್ತೀರಿ, ನಿಲ್ಲದವರನ್ನು ಹಿಡಿಯುವವರು ಯಾರು? ನನ್ನ ಬೀಟಿನಲ್ಲಿ ನಾನೊಬ್ಬನೇ, ಹದಿನಾಲ್ಕು ಹಳ್ಳಿ. ನಾನು ಎಣಿಸಿದ ಚಿಗರಿ ಈ ವರ್ಷ ಮೂವತ್ತೊಂದು. ಹೋದ ವರ್ಷ ನಲವತ್ತರ ಮೇಲಿತ್ತು.

ಸೆಕ್ಷನ್ ಆಫೀಸರ್ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿದೆ. ಶೃತಿಗೆ ಎರಡನೇ ತಿಂಗಳು. ದೊಡ್ಡಮ್ಮನಿಗೆ ಮಾತ್ರ ಹೇಳಿ.

ನಿಮ್ಮ
ಸತೀಶ

•

ಚಿಕ್ಕಬಾವಿ
21 ಆಗಸ್ಟ್ 2011

ಚಿರಂಜೀವಿ ಸತೀಶನಿಗೆ ಆಶೀರ್ವಾದ.

ದೊಡ್ಡಮ್ಮನಿಗೆ ಮಾತ್ರ ಹೇಳು ಅಂದರೆ ಊರಿಗೆಲ್ಲ ಡಂಗುರ ಹೊಡೆ ಅಂತಲೇ ಅರ್ಥ. ಶೃತಿಯ ಸೀಮಂತಕ್ಕೆ ಸೀರೆ ಯಾವ ಬಣ್ಣದ್ದು ಅಂತ ಈಶಮ್ಮ ಈಗಿನಿಂದಲೇ ಜಹೀರಾಬಾದಿನ ಅಂಗಡಿಗಳ ಲೆಕ್ಕ ಹಾಕುತ್ತಿದ್ದಾಳೆ.

ಅರ್ಜಿ ಕೊಟ್ಟೆ ಅನ್ನುವ ಸಾಲನ್ನು ಈಶಮ್ಮನಿಗೂ ಓದಿ ಹೇಳಿದೆ. ನಮ್ಮಪ್ಪನ ಕಾಲಕ್ಕೆ ಪರವಾನಗಿ ಚೀಟಿ ಇತ್ತು. ಆಮೇಲೆ ಕಾಯ್ದೆ ಬಂತು, ಬಂದದ್ದು ನಮಗೆ ಗೊತ್ತಾಗಿದ್ದೂ ಒಬ್ಬನನ್ನು ಹಿಡಿದ ಮೇಲೆ. ಯಾರೂ ನಮ್ಮನ್ನು ಕೇಳಲಿಲ್ಲ. ನಲವತ್ತು ವರ್ಷದ ಮೇಲೆ ನಮ್ಮ ಮಾತು ಒಂದು ಸರ್ಕಾರಿ ಮೇಜಿನ ಮೇಲೆ ಬಿದ್ದಿದೆ. ಕೊಟ್ಟವನು ನನ್ನ ತಮ್ಮನ ಮಗ. ಇಷ್ಟು ಸಾಕು ಅನಿಸಿತು, ಆದರೆ ಸಾಕಾಗಲಿಲ್ಲ. ಗಂಟು ನೋಡಿ ಸಾಹೇಬರು ಏನಂದರು? ನಕ್ಕರೋ? ನಕ್ಕರೂ ಬರೆ.

ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಿಲ್ಲದವರನ್ನು ಹಿಡಿಯುವವರು ನಾವೇ. ಅದನ್ನೂ ಅರ್ಜಿಗೆ ಸೇರಿಸು. ಬೇಟೆ ಮನೆತನದ ಒಬ್ಬೊಬ್ಬನನ್ನು ಊರೂರಿಗೆ ಎಣಿಸುವವನಾಗಿ ಇಟ್ಟುಕೊಳ್ಳಲಿ. ಹೆಜ್ಜೆ ನೋಡಿ ಹೆಣ್ಣೋ ಗಂಡೋ, ಬಸಿರೋ ಅಲ್ಲವೋ ಹೇಳುತ್ತೇವೆ. ನೀನು ಮೂವತ್ತೊಂದು ಎಣಿಸಿದೆಯಲ್ಲ, ಮಧ್ಯಾಹ್ನ ಎಣಿಸಿರುತ್ತೀ. ಬಿಸಿಲಿಗೆ ಅರ್ಧ ಹಿಂಡು ತೊಗರಿಯ ಸಾಲಿನಲ್ಲಿ ಮಲಗಿರುತ್ತದೆ.

ನನ್ನ ಜೊತೆ ಬಲೆ ಹಿಡಿಯುತ್ತಿದ್ದ ಕಿಷ್ಟಪ್ಪ ದಿನಾ ಬಂದು ಕೈ ಸನ್ನೆ ಮಾಡಿ ಕೇಳುತ್ತಾನೆ, "ಏನಪಾ, ಗಂಟು ಬಂತೇನ?" ಬಲೆ ಅಟ್ಟದಿಂದ ಇಳಿಸಿ ಹರಿದದ್ದನ್ನು ಇಬ್ಬರೂ ಹೆಣೆಯುತ್ತಿದ್ದೇವೆ. ಅವಸರ ಮಾಡುವುದಿಲ್ಲ, ಹೆದರಬೇಡ. ಮಳೆಗಾಲದ ಸಂತೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಣಪತಿ ಹಬ್ಬ ಮುಗಿದ ಮೇಲಿನ ಸಂತೆಯಿಂದ ಮೂರು. ಬೇಡ ಅನ್ನುವುದಿದ್ದರೆ ಅಷ್ಟರೊಳಗೆ ಗಂಟು ತಿರುಗಿ ಕಳಿಸಲಿ. ನಾನು ಅದನ್ನು ಕಣ್ಣಿಗೊತ್ತಿಕೊಂಡು ಬಲೆಯನ್ನು ಮತ್ತೆ ಅಟ್ಟಕ್ಕೆ ಏರಿಸುತ್ತೇನೆ.

ಬಕ್ಕಪ್ಪ

•

ಪೆದ್ದೆಮುಲ್
20 ಸೆಪ್ಟೆಂಬರ್ 2011

ತೀರ್ಥರೂಪ ದೊಡ್ಡಪ್ಪನವರಿಗೆ ನಮಸ್ಕಾರ.

ಈ ಕಾಗದ ಓದಿದ ಕೂಡಲೇ ಬಲೆಯನ್ನು ಅಟ್ಟಕ್ಕೆ ಏರಿಸಿ.

ಸಂತೆಯ ಲೆಕ್ಕ ಹಿಡಿಯಬೇಡಿ. ಸರ್ಕಾರಕ್ಕೆ ನಮ್ಮ ಪದ್ಧತಿ ಗೊತ್ತಿಲ್ಲ. ಸರ್ಕಾರ ಸುಮ್ಮನಿದ್ದರೆ ಅದು ಒಪ್ಪಿಗೆ ಅಲ್ಲ, ಇಲ್ಲ ಅಂತಲೇ ತಿಳಿಯಬೇಕು. ಸಾಹೇಬರು ಅರ್ಜಿಯನ್ನು ಇನ್ನೂ ನೋಡಿಲ್ಲ. ನೋಡುವುದೂ ಈಗ ಸಾಧ್ಯವಿಲ್ಲ. ಒಂದು ವಾರದಿಂದ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಸಮ್ಮೆ, ಎಲ್ಲ ನೌಕರರ ಮುಷ್ಕರ, ನಮ್ಮ ಕಚೇರಿಗೂ ಬೀಗ. ನಾವೆಲ್ಲ ತಾಂಡೂರಿನ ಚೌಕದಲ್ಲಿ ಡೇರೆ ಹಾಕಿ ಕುಳಿತಿದ್ದೇವೆ. ಜೈ ತೆಲಂಗಾಣ ಅಂತ ಕೂಗಿ ಕೂಗಿ ಗಂಟಲು ಕಟ್ಟಿದೆ. ನಮ್ಮ ರಾಜ್ಯ ಬಂದರೆ ನಮ್ಮ ಮಾತು ಕೇಳುವವರು ಬರುತ್ತಾರೆ ಅಂತ ಇಲ್ಲಿ ಎಲ್ಲರೂ ಅನ್ನುತ್ತಾರೆ. ಆಗ ನಿಮ್ಮ ಅರ್ಜಿಯನ್ನೂ ನೋಡಬಹುದು. ಅಲ್ಲಿಯವರೆಗೆ ತಾಳಿ.

ನಿನ್ನೆಯಿಂದ ಬಸ್ಸುಗಳೂ ನಿಂತಿವೆ. ಟಪಾಲು ಹೋಗುತ್ತದೋ ಇಲ್ಲವೋ, ಪೋಸ್ಟ್ ಮಾಸ್ತರರು ಹಾಕಿ ಹೋಗಿ ಅಂದರು. ಹಾಕುತ್ತಿದ್ದೇನೆ.

ಸತೀಶ

•

ಚಿಕ್ಕಬಾವಿ
16 ಅಕ್ಟೋಬರ್ 2011

ಚಿರಂಜೀವಿ ಸತೀಶನಿಗೆ ನೂರು ಆಶೀರ್ವಾದ.

ಇಲ್ಲಿ ಬಸ್ಸಿಲ್ಲ, ಟಪಾಲಿಲ್ಲ. ನಿನ್ನಿಂದ ಎರಡು ತಿಂಗಳು ಕಾಗದ ಇಲ್ಲ. ಮೂರು ಸಂತೆ ಆದವು. ಸಮ್ಮೆ ಇದೆ ಅಂತ ಇನ್ನೂ ಒಂದು ಸಂತೆ ಕಾದೆ. ಕಿಷ್ಟಪ್ಪನ ಫೋನ್ ನಂಬರು ನಿನ್ನ ಹತ್ತಿರ ಇದೆ, ಬೇಡ ಅನ್ನುವುದಿದ್ದರೆ ನೀನು ಅದಕ್ಕಾದರೂ ಹೇಳುತ್ತಿದ್ದೆ ಅಂದುಕೊಂಡೆ. ಗಂಟು ತಿರುಗಿ ಬರಲಿಲ್ಲ.

ನಿನ್ನೆ ಮುಂಜಾನೆ ಬಲೆ ಕಟ್ಟಿದೆವು. ಇಪ್ಪತ್ತೆರಡು ವರ್ಷದ ಮೇಲೆ. ಕದ್ದು ಅಲ್ಲ ಸತೀಶ, ಬೆಳಕು ಹರಿದ ಮೇಲೆ, ಊರ ಮುಂದೆ, ನಮ್ಮದೇ ಜೋಳದ ಹೊಲದಲ್ಲಿ. ಮೊಳಕೆ ಒಡೆದ ಜೋಳ ಕಡಿಯಲು ಹಿಂಡು ಬಂದಿತ್ತು. ಇಪ್ಪತ್ತಾರು ತಲೆ, ನಾನು ಎರಡು ಸಲ ಎಣಿಸಿದೆ. ಕಿಷ್ಟಪ್ಪ ಮತ್ತವನ ಕಡೆಯವರು ಪಡುವಣದಿಂದ ಓಡಿಸಿದರು. ತಾಯಿ ಬಾಗಿಲಲ್ಲಿ ನಾನೇ ಕುಳಿತೆ, ಯಾಕೆಂದರೆ ಕಿವಿ ಕೇಳದವನು ಮತ್ತೆಲ್ಲಿ ನಿಂತರೂ ದಂಡ. ಕಣ್ಣು ಮುಚ್ಚಿದೆ. ಕೇಳಿಸುವುದೂ ಇಲ್ಲ, ಕಾಣುವುದೂ ಇಲ್ಲ. ನೆಲ ಮಾತ್ರ ಅಂಗಾಲಿಗೆ ಹೇಳುತ್ತಿತ್ತು. ನನ್ನ ಮೊಣಕಾಲ ಪಕ್ಕದಿಂದ ಒಂದು ಹೋಯಿತು, ಇನ್ನೊಂದು ಹೋಯಿತು. ಐದು ಹೋದವು ಅಂತ ಕಿಷ್ಟಪ್ಪ ಆಮೇಲೆ ಬೆರಳು ತೋರಿಸಿದ. ಒಂದರ ಉಸಿರು ನನ್ನ ಮುಖಕ್ಕೆ ಬಿತ್ತು. ನೀನು ಅಂದಿದ್ದು ನಿಜ, ಗಾಳಿ ಹಾದು ಹೋದಂತೆಯೇ.

ಬಲೆಗೆ ಮೂರು ಬಿದ್ದವು. ಎರಡು ಹೆಣ್ಣು, ಬಿಡಿಸಿ ಬಿಟ್ಟೆವು. ಒಂದು ಕರಿ ಗಂಡು, ಕೊಂಬಿಗೆ ನಾಲ್ಕು ಸುತ್ತು, ಹಲ್ಲು ಸವೆದಿತ್ತು, ಮುದುಕ. ಅದರ ತಲೆ ನಾನೇ ಹಿಡಿದೆ. ಖುಷಿಯೂ ಆಗಿತ್ತು, ದುಃಖವೂ ಆಗಿತ್ತು, ಎರಡನ್ನೂ ನಾನು ಮುಚ್ಚಿಡುವುದಿಲ್ಲ. ಮಾಂಸ ಊರಿಗೆ ಹಂಚಿದೆವು, ಚೂರೂ ಮಾರಿಲ್ಲ.

ಕೊಂಬು, ಚರ್ಮ ಉಪ್ಪು ಹಚ್ಚಿ ಇಟ್ಟಿದ್ದೇನೆ. ಸಮ್ಮೆ ಮುಗಿದು ನಾರಾಯಣಖೇಡದ ಜಂಗಲ್ ಕಚೇರಿ ಬೀಗ ತೆಗೆದ ದಿನವೇ ಒಯ್ದು ಒಪ್ಪಿಸುತ್ತೇನೆ. ಅರ್ಜಿಯಲ್ಲಿ ಬರೆದ ಹಾಗೆ ನಡೆದಿದ್ದೇವೆ ಅಂತ ಅವರ ಪುಸ್ತಕದಲ್ಲಿ ಬರೆಯಲಿ. ಇಂಥ ಜನರನ್ನು ನಂಬಬಹುದು ಅಂತ ಸರ್ಕಾರಕ್ಕೆ ಗೊತ್ತಾಗಲಿ.

ಹೊಸ ಧೋತರ ತೆಗೆದಿಟ್ಟಿದ್ದಾಳೆ ಈಶಮ್ಮ, ಕಚೇರಿಗೆ ಹೋಗುವುದಕ್ಕೆ.

ಬಕ್ಕಪ್ಪ

•

ಜಿಲ್ಲಾ ಜೈಲು, ಸಂಗಾರೆಡ್ಡಿ
20 ನವೆಂಬರ್ 2011

ಚಿರಂಜೀವಿ ಸತೀಶನಿಗೆ ಆಶೀರ್ವಾದ.

ಮೇಲಿನ ಮುದ್ರೆ ನೋಡಿ ಗಾಬರಿಯಾಗಬೇಡ. ಇಲ್ಲಿಂದ ಹೋಗುವ ಕಾಗದಕ್ಕೆಲ್ಲ ಹೊಡೆಯುತ್ತಾರೆ. ನಿನಗೆ ಸುದ್ದಿ ಮುಟ್ಟಿರಬೇಕು. ಪೇಪರಿನಲ್ಲಿ ಬಂದಿತ್ತು ಅಂತ ಇಲ್ಲಿಯವರು ತೋರಿಸಿದರು. 'ಮುದಿ ಬೇಟೆಗಾರನ ಬಂಧನ' ಅಂತ. ಮುದಿ ಅನ್ನುವುದೊಂದು ಬಿಟ್ಟರೆ ಉಳಿದದ್ದಕ್ಕೆ ನನ್ನ ತಕರಾರಿಲ್ಲ.

ಕಚೇರಿಯಲ್ಲಿ ನಾನು ಕೊಂಬು ಮೇಜಿನ ಮೇಲಿಟ್ಟಾಗ ಅಲ್ಲಿಯವರು ಎದ್ದು ನಿಂತರು. ಬಾಯಿ ಆಡಿದ್ದು ಕಂಡಿತು, ಕೇಳಿಸಲಿಲ್ಲ. ಕನ್ನಡ ಬಲ್ಲ ಒಬ್ಬ ಒಳ್ಳೆಯವನು ಕಾಗದದ ಮೇಲೆ ಬರೆದು ಕೇಳಿದ, ಯಾವ ಅರ್ಜಿ, ಯಾರಿಗೆ ಕೊಟ್ಟೆ, ಯಾವಾಗ. ಸರ್ಕಾರಕ್ಕೆ ಕೊಟ್ಟೆ ಅಂದೆ. ಯಾರ ಕೈಯಲ್ಲಿ ಅಂದ. ನಾನು ನಿನ್ನ ಹೆಸರು ಹೇಳಲಿಲ್ಲ. ಬಡ್ತಿಯ ಪಟ್ಟಿಯಲ್ಲಿದ್ದೀ, ಮನೆಯಲ್ಲಿ ಬಸುರಿ ಇದ್ದಾಳೆ. ಬಲೆ ಕಟ್ಟಿದವನೂ ನಾನೊಬ್ಬನೇ ಅಂದೆ. ಕಿಷ್ಟಪ್ಪ ಹೊರಗಿದ್ದಾನೆ, ಬಂದಾಗಲೆಲ್ಲ ಅಳುತ್ತಾನೆ.

ಈಶಮ್ಮ ಮೊನ್ನೆ ಮುಲಾಕಾತಿಗೆ ಬಂದಾಗ ನಿನ್ನ ಒಂದು ಕಾಗದ ತಂದಳು. ಸೆಪ್ಟೆಂಬರ್ ಇಪ್ಪತ್ತರದು. ನನ್ನನ್ನು ಹಿಡಿದ ನಾಲ್ಕು ದಿನಕ್ಕೆ ಟಪಾಲಿನವನು ತಂದುಕೊಟ್ಟನಂತೆ. ಓದಲು ಬಾರದೆ ದೇವರ ಮುಂದೆ ಇಟ್ಟಿದ್ದಳು. ಇಲ್ಲಿ ಜಾಲರಿಯ ಈಚೆ ನಿಂತು ಓದಿದೆ. ನೀನು ಬೇಡ ಅಂದಿದ್ದೆ ಮಗನೇ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ. ಆ ಮಾತು ನನ್ನ ಎದೆಯ ಮೇಲಿನ ಕಲ್ಲು ಇಳಿಸಿತು. ನನ್ನ ಸತೀಶ ಸುಮ್ಮನೆ ಕೂತಿರಲಿಲ್ಲ ಅಂತ ಈಶಮ್ಮನಿಗೆ ಎರಡು ಸಲ ಹೇಳಿದೆ.

ಈಗ ಒಂದೇ ಕೆಲಸ. ಜಹೀರಾಬಾದಿನ ವಕೀಲರು ಅನ್ನುತ್ತಾರೆ, ಜುಲೈಯಲ್ಲಿ ಕೊಟ್ಟ ಅರ್ಜಿ ಸಿಕ್ಕರೆ, ಅದರ ಮೇಲೆ ಕಚೇರಿಯ ತಾರೀಕು ಇದ್ದರೆ, ಈತ ಕಳ್ಳ ಅಲ್ಲ, ತಿಳಿಯದೆ ಮಾಡಿದವನು ಅಂತ ಕೋರ್ಟಿಗೆ ಹೇಳಬಹುದು. ಜಾಮೀನೂ ಆಗಬಹುದು. ಸಮ್ಮೆಯ ಗದ್ದಲದಲ್ಲಿ ಕಾಗದ ಎಲ್ಲೋ ಬಿದ್ದಿರಬೇಕು. ಹುಡುಕಿ ಕೊಡು. ಪುಂಡಿನಾರಿನ ಗಂಟು ಇರುವ ಕಾಗದ ಎಷ್ಟಿರುತ್ತವೆ, ಸಿಗುತ್ತದೆ.

ಬಕ್ಕಪ್ಪ

•

ಪೆದ್ದೆಮುಲ್
27 ಡಿಸೆಂಬರ್ 2011

ದೊಡ್ಡಪ್ಪನವರಿಗೆ,

ಐದು ವಾರ ನಿಮಗೆ ಬರೆಯಲಿಲ್ಲ. ಪ್ರತಿ ದಿನ ಬರೆದೆ, ಹರಿದೆ.

ಅರ್ಜಿ ಹುಡುಕುವುದು ಬೇಕಿರಲಿಲ್ಲ. ಅದು ನನ್ನ ಟ್ರಂಕಿನಲ್ಲಿಯೇ ಇತ್ತು. ನಾನು ಅದನ್ನು ಕೊಟ್ಟಿರಲೇ ಇಲ್ಲ.

ತೆಲುಗಿನಲ್ಲಿ ಬರೆದದ್ದು ನಿಜ. ಒಳ್ಳೆಯ ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಅವತ್ತು ಊಟದ ಹೊತ್ತಿನಲ್ಲಿ ಯಾರೋ ಮಾತೆತ್ತಿದರು, ಬೇಟೆ ಮನೆತನದವರಿಗೆ ನಮ್ಮ ಇಲಾಖೆಯಲ್ಲಿ ನೌಕರಿ ಕೊಟ್ಟರೆ ಬೆಕ್ಕಿಗೆ ಹಾಲು ಕಾಯಲು ಬಿಟ್ಟಂತೆ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮದು ಬರೀ ಒಕ್ಕಲುತನ ಅಂತ ಹತ್ತು ವರ್ಷದಿಂದ ಅವರಿಗೆ ಹೇಳಿಕೊಂಡು ಬಂದಿದ್ದೇನೆ. ಜೇಬಿನೊಳಗಿನ ಗಂಟು ಅವರಿಗೆ ಕಾಣುತ್ತದೇನೋ ಅಂತ ಮೇಲೆ ಕೈ ಇಟ್ಟುಕೊಂಡು ಕುಳಿತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೇ. ನಾಳೆ ಕೊಡೋಣ ಅಂದುಕೊಂಡೆ. ನಿಮಗೆ ಕೊಟ್ಟೆ ಅಂತ ಬರೆದೆ.

ಗಂಟು ತಿರುಗಿ ಕಳಿಸಿದ್ದರೆ ನೀವು ನಿಲ್ಲುತ್ತಿದ್ದಿರಿ. ಅದು ನನ್ನ ಹತ್ತಿರವೇ ಇತ್ತು, ಸೆಪ್ಟೆಂಬರಿನ ಕಾಗದದ ಜೊತೆ ಇಡಬಹುದಿತ್ತು. ಇಟ್ಟರೆ ಸಾಹೇಬರಿಗೆ ಕೊಟ್ಟದ್ದು ಇವನ ಕೈಗೆ ಹೇಗೆ ಬಂತು ಅಂತ ನೀವು ಕೇಳುತ್ತೀರಿ ಅನಿಸಿತು. ಕಿಷ್ಟಪ್ಪ ಕಾಕಾಗೆ ಫೋನ್ ಮಾಡಬಹುದಿತ್ತು. ಸಾಹೇಬರು ಏನಂದರು ಅಂತ ಅವರು ಕೇಳಿದರೆ ಹೇಳಲು ಇನ್ನೊಂದು ಸುಳ್ಳು ತಯಾರಿರಲಿಲ್ಲ. ಕಾಗದ ಹಾಕಿ ಕೈ ತೊಳೆದುಕೊಂಡೆ. ನಿಮ್ಮ ಅಕ್ಟೋಬರಿನ ಕಾಗದ ಮುಟ್ಟಿದ ದಿನ ಫೋನ್ ಮಾಡಿದೆ. ಅಷ್ಟರಲ್ಲಿ ನೀವು ಹೊಸ ಧೋತರ ಉಟ್ಟು ಹೋಗಿ ಎರಡು ದಿನವಾಗಿತ್ತು.

ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಅಂತ ಜೈಲಿನಿಂದ ಬರೆದಿರಿ. ಆ ಸಾಲು ಓದಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ಶೃತಿ ಕೇಳಿದಳು, ಹೇಳಿದೆ. ಮೂರನೇ ದಿನ ಅವಳೇ ಟ್ರಂಕು ತೆಗೆದು ಅರ್ಜಿ ನನ್ನ ಮುಂದಿಟ್ಟಳು.

ನಮ್ಮ ಕಚೇರಿಯ ಒಬ್ಬರು ಅದರ ಮೇಲೆ ಹಳೆಯ ತಾರೀಕಿನ ಮುದ್ರೆ ಹೊಡೆಸಿಕೊಡುತ್ತೇನೆ ಅಂದರು. ನಿಮಗೆ ಅದರಿಂದ ಒಳ್ಳೆಯದೇ ಆಗುತ್ತಿತ್ತು. ಬೇಡ ಅಂದೆ. ತಾಯಿ ಬಾಗಿಲಲ್ಲಿ ಕೂತವನು ಅಷ್ಟಾದರೂ ನೆನಪಿಡಬೇಕಲ್ಲ. ನಿನ್ನೆ ಅರ್ಜಿಯನ್ನು ಗಂಟಿನ ಸಮೇತ ರೇಂಜ್ ಸಾಹೇಬರ ಕೈಯಲ್ಲಿ ಕೊಟ್ಟೆ, ನಿನ್ನೆಯ ತಾರೀಕಿನಲ್ಲೇ. ನೀವು ಆಮೇಲೆ ಹೇಳಿದ ಎಣಿಸುವವರ ಮಾತನ್ನೂ ಬರೆದೆ, ಕೆಳಗೆ ನನ್ನ ಹೆಸರು ಹಾಕಿ, 'ಅರ್ಜಿದಾರನ ತಮ್ಮನ ಮಗ' ಅಂತ ಸೇರಿಸಿದೆ. ಜುಲೈಯಿಂದ ನನ್ನ ಹತ್ತಿರ ಇಟ್ಟುಕೊಂಡಿದ್ದೆ ಅಂತ ಬೇರೆ ಹೇಳಿಕೆ ಬರೆದುಕೊಟ್ಟೆ. ಅದರ ಪ್ರತಿ ನಿಮ್ಮ ವಕೀಲರಿಗೆ ಹೋಗಿದೆ. ಇವತ್ತು ನನ್ನನ್ನು ಕೆಲಸದಿಂದ ಅಮಾನತ್ತಿನಲ್ಲಿ ಇಟ್ಟಿದ್ದಾರೆ. ಅದಕ್ಕೆ ನನಗೆ ಬೇಸರವಿಲ್ಲ.

ಕ್ಷಮಿಸಿ ಅಂತ ಬರೆಯಲು ಕೈ ಬರುತ್ತಿಲ್ಲ.

ಸತೀಶಕುಮಾರ

•

ಜಿಲ್ಲಾ ಜೈಲು, ಸಂಗಾರೆಡ್ಡಿ
18 ಜನವರಿ 2012

ಕಾಗದ ಮುಟ್ಟಿತು.

ಬಕ್ಕಪ್ಪ

•

ಪೆದ್ದೆಮುಲ್
25 ಮಾರ್ಚ್ 2012

ತೀರ್ಥರೂಪ ದೊಡ್ಡಪ್ಪನವರಿಗೆ ನಮಸ್ಕಾರ.

ನನ್ನ ಹೇಳಿಕೆ ನೋಡಿ ಜಾಮೀನು ಕೊಟ್ಟರೆಂದು ವಕೀಲರು ತಿಳಿಸಿದರು. ನೀವು ಊರು ಸೇರಿದ್ದನ್ನು ಕಿಷ್ಟಪ್ಪ ಕಾಕಾ ಫೋನಿನಲ್ಲಿ ಹೇಳಿದರು. ಕೇಸು ಇನ್ನೂ ನಡೆಯುತ್ತದೆ, ಕರೆದಾಗಲೆಲ್ಲ ನಾನು ಸಾಕ್ಷಿಗೆ ಬರುತ್ತೇನೆ.

ತಾಂಡೂರಿನ ಆಸ್ಪತ್ರೆಯಲ್ಲಿ ಮೊನ್ನೆ ಶೃತಿ ಹೆಣ್ಣು ಮಗು ಹೆತ್ತಳು. ಇಬ್ಬರೂ ಚೆನ್ನಾಗಿದ್ದಾರೆ. ದೊಡ್ಡಮ್ಮನಿಗೆ ಹೇಳಿ. ಬನ್ನಿ ಅಂತ ಕರೆಯುವ ಮುಖ ನನಗಿಲ್ಲ, ಸುದ್ದಿ ತಿಳಿಸುವುದಷ್ಟೇ ನನ್ನ ಕೆಲಸ.

ಸತೀಶ

•

ಚಿಕ್ಕಬಾವಿ
6 ಮೇ 2012

ಸತೀಶನಿಗೆ,

ನಿನ್ನ ಮೇಲೆ ನನಗೆ ಸಿಟ್ಟಿತ್ತು. ಈಗಲೂ ಇದೆ. ಜೈಲಿಗೆ ಹೋದದ್ದಕ್ಕಲ್ಲ, ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿದ್ದರು. ನಮ್ಮ ಮನೆತನ ಇಂಥದ್ದು ಅಂತ ಹೇಳಲು ನಿನಗೆ ನಾಚಿಕೆಯಾಯಿತಲ್ಲ, ಅದಕ್ಕೆ. ನಾನು ಊರ ಮುಂದೆ ಬಲೆ ಕಟ್ಟಿದೆ, ನೀನು ಜೇಬಿನಲ್ಲಿ ಗಂಟು ಮುಚ್ಚಿಟ್ಟೆ. ಹೇಳಿಬಿಟ್ಟೆ, ಇನ್ನು ಅದರ ಮಾತು ಎತ್ತುವುದಿಲ್ಲ.

ಹೋದ ವಾರ ಸರ್ಕಾರದಿಂದ ಅರ್ಜಿಗೆ ಉತ್ತರ ಬಂತು. ತೆಲುಗಿನಲ್ಲಿ ನಾಲ್ಕು ಸಾಲು. ಕಿಷ್ಟಪ್ಪನ ಮಗಳು ಓದಿ ಕನ್ನಡದಲ್ಲಿ ಬರೆದು ತೋರಿಸಿದಳು. ಕೃಷ್ಣಮೃಗದ ಬೇಟೆಗೆ ಯಾವ ಕಾಲದಲ್ಲೂ, ಯಾವ ರೀತಿಯಲ್ಲೂ ಅನುಮತಿ ಇಲ್ಲ. ಜೀಪು ಮತ್ತು ದೀಪದ ಬೇಟೆಯ ಬಗ್ಗೆ ಹೇಳಿದ್ದನ್ನು ಗಮನಿಸಲಾಗಿದೆ. ಎಣಿಸುವವರ ಮಾತಿಗೆ ಉತ್ತರವಿಲ್ಲ.

ಕಾಗದದ ತುದಿಗೆ ಟಾಚಣಿ ಚುಚ್ಚಿ ಗಂಟು ತಿರುಗಿ ಕಳಿಸಿದ್ದರು.

ಪದ್ಧತಿ ಗೊತ್ತಿದ್ದು ಕಳಿಸಿದರೋ, ಇದೇನು ಕಸ ಅಂತ ಕಳಿಸಿದರೋ ಗೊತ್ತಿಲ್ಲ. ನನಗೆ ಬೇಕಾದದ್ದು ಬಂತು. ಕಿಷ್ಟಪ್ಪನನ್ನೂ ಎಲ್ಲರನ್ನೂ ಕರೆದು ಅಂಗೈಯಲ್ಲಿಟ್ಟು ತೋರಿಸಿದೆ. "ಗಂಟು ಬಂದದ. ಇನ್ನ ಬಲೆ ಇಲ್ರಪ್ಪ" ಅಂದೆ. ಒಬ್ಬರೂ ಎದುರಾಡಲಿಲ್ಲ. ನಲವತ್ತು ವರ್ಷಕ್ಕೆ ಸರ್ಕಾರ ನಮಗೆ ಮುಖ ಕೊಟ್ಟು ಇಲ್ಲ ಅಂತಾದರೂ ಅಂದಿತು. ಇಲ್ಲ ಅನ್ನುವುದೂ ಒಂದು ಉತ್ತರವೇ. ಅವರ ಮಾತು ನನಗೆ ಒಪ್ಪಿಗೆಯಿಲ್ಲ, ಇನ್ನೊಂದು ಅರ್ಜಿ ಬರೆಯುತ್ತೇನೆ, ಸಾಯುವತನಕ ಬರೆಯುತ್ತೇನೆ. ಆದರೆ ಗಂಟು ಬಂದ ಮೇಲೆ ಬಲೆ ಕಟ್ಟಿದವನು ನಮ್ಮಲ್ಲಿ ಯಾರೂ ಇಲ್ಲ.

ಇದೇ ಗಂಟು ಹೋದ ಜುಲೈಯಲ್ಲಿ ಬಂದಿದ್ದರೆ ಆ ಮುದುಕ ಚಿಗರಿ ಇನ್ನೊಂದು ಮಳೆಗಾಲ ನೋಡುತ್ತಿತ್ತು. ಅದು ನನಗೆ ದಿನಾ ಮುಂಜಾನೆ ನೆನಪಾಗುತ್ತದೆ. ನಿನಗೂ ಆಗಲಿ.

ನನ್ನದೂ ಒಂದು ತಪ್ಪಿದೆ. ತಾಯಿ ಬಾಗಿಲಲ್ಲಿ ಕಣ್ಣು ಮುಚ್ಚಿ ಕೂಡು ಅಂತ ನಿನಗೆ ಕಲಿಸಿದವನು ನಾನು. ಯಾವಾಗ ತೆರೆಯಬೇಕು ಅಂತ ಕಲಿಸಲಿಲ್ಲ. ಅದನ್ನು ನೀನೇ ಕಲಿತೆ, ತಡವಾಗಿ ಕಲಿತೆ. ಹಳೆಯ ತಾರೀಕಿನ ಮುದ್ರೆ ಬೇಡ ಅಂದ ಸಾಲನ್ನು ನಾನು ಜೈಲಿನಲ್ಲಿ ಹತ್ತು ಸಲ ಓದಿದ್ದೇನೆ.

ಈಶಮ್ಮ ಮಗುವಿಗೆ ಕುಲಾಯಿ ಹೊಲಿದಿದ್ದಾಳೆ. ಸೀಮಂತದ ಸೀರೆ ಹಾಗೇ ಪೆಟ್ಟಿಗೆಯಲ್ಲಿದೆ. ನನಗೂ ಆ ಕೂಸನ್ನು ಒಮ್ಮೆ ಎತ್ತಿಕೊಳ್ಳಬೇಕು ಅನಿಸುತ್ತದೆ. ಆದರೆ ಕೇಸಿನ ಆರೋಪಿ ಮನೆಗೆ ಬಂದರೆ ನಿನ್ನ ನೌಕರಿಗೆ ಇನ್ನೂ ತೊಂದರೆಯಾದೀತು. ಅದಕ್ಕೇ ಆ ಗಂಟನ್ನೇ ಇದರೊಳಗಿಟ್ಟು ಕಳಿಸಿದ್ದೇನೆ. ನಾವು ಬರುವುದು ಬೇಡವಾದರೆ ತಿರುಗಿ ಕಳಿಸು, ಏನೂ ಬರೆಯಬೇಡ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಮೂರು ಸಂತೆ ಕಾಯುತ್ತೇನೆ.

ಬಕ್ಕಪ್ಪ

•

ಪೆದ್ದೆಮುಲ್
9 ಮೇ 2012

ತೀರ್ಥರೂಪ ದೊಡ್ಡಪ್ಪನವರಿಗೆ, ದೊಡ್ಡಮ್ಮನವರಿಗೆ ಸತೀಶ, ಶೃತಿ ಮಾಡುವ ನಮಸ್ಕಾರಗಳು.

ಕಾಗದ ಈಗ ತಾನೇ ಬಂತು. ಟಪಾಲಿನವನನ್ನು ಕಟ್ಟೆಯ ಮೇಲೆ ಕೂಡಿಸಿ, ನೀರು ಕೊಟ್ಟು, ಇದನ್ನು ಬರೆಯುತ್ತಿದ್ದೇನೆ. ಅವನ ಕೈಯಲ್ಲೇ ಕಳಿಸುತ್ತೇನೆ. ಇದು ತಡವಾದರೂ ಆದೀತು ಅಂತ ಕಿಷ್ಟಪ್ಪ ಕಾಕಾಗೆ ಫೋನೂ ಮಾಡಿದೆ. ನಿಮಗೆ ಕೈ ಸನ್ನೆ ಮಾಡಿ ಹೇಳುತ್ತಾರೆ. ಅವರು ಹೇಳಿದ್ದು ನಿಜವೇ ಅಂತ ಈ ಕಾಗದ ಓದಿ ತಿಳಿದುಕೊಳ್ಳಿ.

ಗಂಟನ್ನು ಶೃತಿ ಮಗುವಿನ ತೊಟ್ಟಿಲಿಗೆ ಕಟ್ಟಿದ್ದಾಳೆ. ಇದು ಯಾರದು ಅಂತ ಬಂದವರು ಕೇಳುತ್ತಾರೆ. ನಮ್ಮ ದೊಡ್ಡಪ್ಪನದು, ಅವರು ಬೇಟೆಯವರು ಅಂತ ಹೇಳುತ್ತೇನೆ.

ಮೂರು ಸಂತೆ ಕಾಯಬೇಡಿ. ಈ ಭಾನುವಾರ ಮುಂಜಾನೆಯ ಬಸ್ಸಿಗೇ ಹೊರಡಿ. ತಾಂಡೂರಿನ ಬಸ್ ನಿಲ್ದಾಣದ ಬಾಗಿಲಲ್ಲಿ ನಾನು ನಿಂತಿರುತ್ತೇನೆ, ಕಣ್ಣು ತೆರೆದುಕೊಂಡು.

ನಿಮ್ಮ ತಮ್ಮನ ಮಗ
ಸತೀಶಕುಮಾರ